ಹೊರಟವರನ್ನು ಹಿಂದಿನಿಂದ ಕರೆದದ್ದು

ಪಾಂಡವಪುರ
21-2-1999, ಭಾನುವಾರ ಬೆಳಿಗ್ಗೆ

ಪ್ರೀತಿಯ ರಮ್ಯನ ಅಪ್ಪನಿಗೆ,

ನಿಮ್ಮ ಸೊಂಟನೋವು ಹೇಗಿದೆ? ಸಂಕ್ರಾಂತಿಗೆ ಬಂದು ಹೋಗುವಾಗ ಸೀಟಿಗೆ ಹಾಕಿಕೊಳ್ಳಿ ಅಂತ ಹಳೆ ಸೀರೆ ಮಡಿಸಿ ದಿಂಬು ಹೊಲಿದು ಕೊಟ್ಟಿದ್ದೆನಲ್ಲ, ಅದು ಸೀಟಿನ ಮೇಲೆ ಇದೆಯೋ, ಇಲ್ಲ ಗಾಡಿ ಒರೆಸುವ ಬಟ್ಟೆ ಆಗಿದೆಯೋ? ಊಟದ ಹೊತ್ತಿಗೆ ಊಟ ಮಾಡುತ್ತಿದ್ದೀರಾ? ಬೆಂಗಳೂರಿನಿಂದ ಮೈಸೂರಿಗೆ ದಿನಕ್ಕೆ ಒಂದು ಸಲ ಹೋಗಿ ಬರುವವರು ಮದ್ದೂರಿನಲ್ಲಿ ಎರಡು ವಡೆ ತಿಂದು ಅದನ್ನೇ ಊಟ ಅಂತ ಲೆಕ್ಕ ಹಿಡಿಯಬಾರದು. ಇಲ್ಲಿ ರಮ್ಯ ಚೆನ್ನಾಗಿದ್ದಾಳೆ. ಮಗ್ಗಿಯಲ್ಲಿ ಹದಿನೇಳರವರೆಗೆ ಬಂದು ಅಲ್ಲೇ ಹಟ ಹಿಡಿದು ಕೂತಿದ್ದಾಳೆ, ಯಾರ ಮಗಳೋ ಏನೋ. ಎಮ್ಮೆ ಹಾಲು ಚೆನ್ನಾಗಿ ಕೊಡುತ್ತಿದೆ. ನಾಗಮಂಗಲದಿಂದ ನನ್ನ ತಮ್ಮ ಬಂದು ಹನ್ನೆರಡು ತೆಂಗಿನಕಾಯಿ ಇಳಿಸಿ ಹೋದ. ಅತ್ತೆಯವರೂ ಚೆನ್ನಾಗಿದ್ದಾರೆ ಎಂದು ಬರೆಯಲು ಹೊರಟೆ, ಪೆನ್ನು ನಿಂತಿತು. ಅವರ ವಿಷಯ ಮುಂದೆ ಬರುತ್ತದೆ, ಗಾಬರಿಯಾಗಬೇಡಿ, ಜ್ವರ ಗಿರ ಏನೂ ಇಲ್ಲ.

ಗಂಡನ ಕೈಯಲ್ಲಿ ಮೊಬೈಲ್ ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಅಂತ ನಿಮಗೆ ಅನ್ನಿಸಬಹುದು. ಪೋಸ್ಟಾಫೀಸಿನ ಹೆಂಗಸೂ ಕವರು ಕೊಡುತ್ತಾ ಅದನ್ನೇ ಕೇಳಿದರು. "ನಿಮ್ಗ್ಯಾಕೆ ಕಾಗ್ದ ಟೀಚರಮ್ಮಾ, ನಿಮ್ಮೋರು ಗಾಳೀಲೇ ಮಾತಾಡ್ತಾರಲ್ಲ" ಅಂದರು. ನಾನು ನಕ್ಕೆ. ನಿಜ ಹೇಳಬೇಕೆಂದರೆ, ಕಾಗದ ಓದಬೇಕಾದರೆ ಗಾಡಿ ನಿಲ್ಲಿಸಲೇಬೇಕು. ನಾನು ಇವತ್ತು ಹೇಳಬೇಕಾಗಿರುವುದನ್ನು ನೀವು ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎರಡೂ ಕೈಯಲ್ಲಿ ಹಿಡಿದು ಕೇಳಬೇಕು. ಎರಡು ಭಾನುವಾರದಿಂದ ಅವ್ವ ಯಾಕೆ ಫೋನ್ ಮಾಡುತ್ತಿಲ್ಲ ಅಂತ ನೀವು ಟೆಲಿಫೋನ್ ಬೂತಿನ ಜವರಯ್ಯನವರ ಹತ್ತಿರ ಎರಡು ಸಲ ಹೇಳಿ ಕಳಿಸಿದಿರಿ. ಅದಕ್ಕೆ ಉತ್ತರ ಇದು.

ಮೊದಲು ಸಂಕ್ರಾಂತಿಯ ಮಾತು. ನಿಮ್ಮ ಓನರ್ ನಾಗರಾಜು ಕೊಟ್ಟ ಆ ಕರೀ ಫೋನನ್ನು ನೀವು ಸುಮೋದಿಂದ ಇಳಿಸಿ ಜಗಲಿಯ ಮೇಲೆ ಇಟ್ಟಾಗ ಬೀದಿಗೆ ಬೀದಿಯೇ ಬಂದು ನೋಡಿತು. ಪಾಂಡವಪುರದಲ್ಲಿ ಅದು ಉಸಿರೇ ಬಿಡಲಿಲ್ಲ. ಅಕ್ಕಿಹೆಬ್ಬಾಳಿಗೆ ಅತ್ತೆಯ ತವರಿಗೆ ಹೋದಾಗ ತೆಗೆದುಕೊಂಡು ಹೋದಿರಿ, ಅಲ್ಲೂ ಅದು ಇಟ್ಟಿಗೆಯೇ. ಕೆ.ಆರ್.ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಾ ಸುತ್ತು ಹಾಕಿದಿರಿ, ಜನ ನಿಮ್ಮನ್ನು ಮಳೆ ಕರೆಯುವವನು ಅಂದುಕೊಂಡಿರಬೇಕು. ಅವಮಾನ ತಡೆಯಲಾಗದೆ ಮಾರನೆಯ ದಿನ ನಮ್ಮನ್ನೆಲ್ಲ ಗಾಡಿಯಲ್ಲಿ ಹತ್ತಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದಿರಿ. ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ಗುಂಡಿ ಒತ್ತಿ, ಪಾಂಡವಪುರದ ಬೂತಿನಲ್ಲಿ ಕೂತಿದ್ದ ಜವರಯ್ಯನವರನ್ನು ಕರೆದು ಅತ್ತೆಯ ಕಿವಿಗೆ ಹಿಡಿದಿರಿ. ಅತ್ತೆ ಮೊದಲು ಚಪ್ಪಲಿ ಬಿಟ್ಟರು. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಜವರಯ್ಯನವರ ಕೆಮ್ಮು ಕೇಳಿದ್ದೇ ತಡ ಅವರ ಕಣ್ಣಲ್ಲಿ ನೀರು ಬಂತು. ನಾನು ನಿಮ್ಮನ್ನು ರೇಗಿಸುತ್ತಿದ್ದೆ, ನಿಜ, ಆದರೆ ನನ್ನ ಮೈಯೂ ಜುಮ್ಮೆಂದಿತ್ತು. ತಂತಿಯಿಲ್ಲ, ಕಂಬವಿಲ್ಲ, ಕೆಳಗೆ ಕಾವೇರಿ ಹರಿಯುತ್ತಿದೆ, ನಡುವೆ ಅಷ್ಟು ಗದ್ದೆ, ಅಷ್ಟು ನಾಲೆ, ಅದನ್ನೆಲ್ಲ ದಾಟಿ ಒಬ್ಬ ಮುದುಕರ ಕೆಮ್ಮು ಬಂದು ಕಿವಿಯಲ್ಲಿ ಕೂರುತ್ತದೆ. ಇದನ್ನು ಕಂಡುಹಿಡಿದವರಿಗೆ ಕೈ ಮುಗಿಯಬೇಕು ಅಂತ ನಾನು ಆವತ್ತೂ ಅಂದೆ, ಈವತ್ತೂ ಅನ್ನುತ್ತೇನೆ.

ಅವತ್ತು ಅತ್ತೆ ನಿಮ್ಮನ್ನು ಒಂದು ಪ್ರಶ್ನೆ ಕೇಳಿದರು. ನಾವೆಲ್ಲ ನಕ್ಕೆವು. ಹೊರಟವರನ್ನು ಹಿಂದಿನಿಂದ ಕರೆಯಬಾರದು ಅನ್ನುವುದರಲ್ಲಿ ಅತ್ತೆ ಎಷ್ಟು ಕಟ್ಟುನಿಟ್ಟು ಅಂತ ನಿಮಗೆ ನಾನು ಹೇಳಬೇಕೆ. ನೀವು ಬುತ್ತಿ ಮರೆತು ಹೊರಟರೆ ಈಗಲೂ ಬಾಯಿ ಬಿಡುವುದಿಲ್ಲ, ಹಿತ್ತಲ ಓಣಿಯಿಂದ ಓಡಿ, ತಿಪ್ಪೆ ಹಾರಿ, ಸುತ್ತು ಹಾಕಿ ಬಂದು ನಿಮ್ಮ ಎದುರಿಗೆ ನಿಂತು ಬುತ್ತಿ ಕೊಡುತ್ತಾರೆ. ಅರವತ್ತೆಂಟು ವರ್ಷದ ಹೆಂಗಸು! ಯಾರಾದರೂ ಮರೆತು ಕರೆದೇಬಿಟ್ಟರೆ, ಹೊರಟವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದು, ಹೊಸದಾಗಿ ಹೊರಡಬೇಕು. ಅದು ಈ ಮನೆಯ ಕಾನೂನು. ಅದಕ್ಕೇ ಸ್ನಾನಘಟ್ಟದಲ್ಲಿ ನಿಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಮಗಾ, ಇದು ಮುಂದ್ಗಡೆಯಿಂದ ಕರೀತದಾ, ಇಂದ್ಗಡೆಯಿಂದ ಕರೀತದಾ?" ನೀವು ಜಾಣರಲ್ಲವೆ, ಆಕಾಶಕ್ಕೆ ಕೈ ತೋರಿಸಿ, "ಮುಂದ್ಗಡೆಯಿಂದ್ಲೂ ಅಲ್ಲ, ಇಂದ್ಗಡೆಯಿಂದ್ಲೂ ಅಲ್ಲ ಕಣವ್ವಾ. ಮ್ಯಾಲಿಂದ ಕರೀತದೆ" ಅಂದಿರಿ. ಅತ್ತೆ ಸ್ವಲ್ಪ ಹೊತ್ತು ಮೇಲೆ ನೋಡಿ, ಮೇಲಿನಿಂದ ಕರೆದರೆ ದೋಷವಿಲ್ಲ ಅಂತ ತೀರ್ಮಾನ ಮಾಡಿದರು. ಹಿರಿಯರ ಒಂದು ಪ್ರಶ್ನೆಯನ್ನು ನಾವು ಅಷ್ಟು ಸುಲಭವಾಗಿ ತಮಾಷೆ ಮಾಡಿ ಮುಗಿಸಿದೆವು.

ಆಮೇಲೆ ಭಾನುವಾರದ ಕ್ರಮ ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ನೀವು ಗಾಡಿ ತೊಳೆಯುತ್ತಾ ಶೆಡ್ಡಿನಲ್ಲಿ ಇರುತ್ತೀರಿ, ಆಗ ಮಾಡಿ ಅಂತ ನೀವೇ ಹೇಳಿದ್ದಿರಿ. ಅತ್ತೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ದೇವಸ್ಥಾನಕ್ಕೆ ಹೊರಟ ಹಾಗೆ ಬೂತಿಗೆ ಹೊರಡುತ್ತಿದ್ದರು. ಮೂರು ನಿಮಿಷ ಮಾತು. ಉಂಡ್ಯಾ, ಮಲಗಿದ್ಯಾ, ಎಣ್ಣೆ ಹಚ್ಚಿಕೊಂಡ್ಯಾ ಅನ್ನುವಷ್ಟರಲ್ಲಿ ಎರಡೂವರೆ ನಿಮಿಷ ಹೋಗುತ್ತಿತ್ತು. ಮಿಕ್ಕ ಅರ್ಧ ನಿಮಿಷ ರಮ್ಯನಿಗೆ. ಸೊಸೆಯ ಕೈಗೆ ರಿಸೀವರ್ ಬರುವ ಹೊತ್ತಿಗೆ ಅದರೊಳಗೆ ಕುಂಯ್ ಅನ್ನುವ ಸದ್ದು ಮಾತ್ರ ಉಳಿದಿರುತ್ತಿತ್ತು. ಇದು ದೂರಲ್ಲ, ಸುಮ್ಮನೆ ಹೇಳಿದೆ.

ಈಗ ಈ ತಿಂಗಳ ಎರಡನೇ ತಾರೀಖು, ಮಂಗಳವಾರದ ವಿಷಯ. ಅವತ್ತು ಸಂಜೆ ನಾಲ್ಕು ಗಂಟೆಗೆ ನಾನು ಅಂಗನವಾಡಿ ಮುಗಿಸಿ ಬಂದೆ. ಅತ್ತೆ ನಿಮಗೆ ಹುರಿಹಿಟ್ಟು ಕಳಿಸಬೇಕೆಂದು ಹುರಿದ ಕಾಳು ಮುಂದೆ ಹಾಕಿಕೊಂಡು ಕೂತಿದ್ದರು. ಬೀಸುವ ಕಲ್ಲಿಗೆ ಹಿಡಿದು ತಿರುಗಿಸುವ ಗೂಟವಿಲ್ಲ. ಸಂಕ್ರಾಂತಿಯಲ್ಲಿ ನೀವು ಕಲ್ಲು ಎತ್ತಿ ಆಚೆಗಿಡುವಾಗ ಗೂಟ ಕಿತ್ತು ಎಲ್ಲೋ ಇಟ್ಟಿದ್ದಿರಿ. ಭಾನುವಾರದವರೆಗೆ ಕಾಯಬಹುದಿತ್ತು. ಆದರೂ ಫೋನ್ ಮಾಡಿ ಕೇಳೋಣ ಎಂದಾಯಿತು. ಇಬ್ಬರೂ ಬೂತಿಗೆ ಹೋದೆವು. ನಂಬರು ನಾನು ಒತ್ತಿದೆ, ರಿಸೀವರ್ ಅತ್ತೆ ಹಿಡಿದರು, ನಾನು ಅವರ ಕೆನ್ನೆಗೆ ಕೆನ್ನೆ ಆನಿಸಿ ಪಕ್ಕದಲ್ಲಿ ನಿಂತೆ. ಹಾಗಾಗಿ ನಿಮ್ಮ ಒಂದೊಂದು ಮಾತೂ ನನಗೂ ಕೇಳಿತು. ಹಿಂದೆ ಯಾರೋ ಹೆಂಗಸರು ನಗುತ್ತಿದ್ದರು, ಗಾಡಿ ಓಡುವ ಸದ್ದಿತ್ತು. "ಪಾಲ್ಟಿ ಕರ್ಕೊಂಡು ಮೈಸೂರಿಗೆ ಒಂಟಿವ್ನಿ, ಬಿರ್ನೆ ಯೋಳವ್ವಾ" ಅಂದಿರಿ. ಅತ್ತೆ ಗೂಟದ ವಿಷಯ ಕೇಳಿದರು. ನೀವು ನಿಧಾನವಾಗಿ, ಕಣ್ಣೆದುರು ಇರುವುದನ್ನು ನೋಡಿ ಹೇಳುವವರ ಹಾಗೆ, "ಅಟ್ಟದ ಮ್ಯಾಲೆ... ಬೆಲ್ಲದ ಗುಡಾಣ ಅದಲ್ಲಾ, ಅದ್ರಿಂದೆ... ಎರಡ್ನೇ ತೊಲೆ ಸಂದೀಲಿ... ಗೋಡೆ ಕಡೀಕೆ..." ಅಂದಿರಿ.

ಅಷ್ಟೇ. ಆಮೇಲೆ ಟೈರಿನ ಸದ್ದು. ನಾನು ಎಷ್ಟೋ ಸಲ ರಸ್ತೆಯಲ್ಲಿ ಆ ಸದ್ದು ಕೇಳಿದ್ದೇನೆ, ಕಿವಿಯೊಳಗೆ ಕೇಳಿದ್ದು ಅದೇ ಮೊದಲು. ಒಬ್ಬ ಹೆಂಗಸು ಕಿರುಚಿದರು. ಏನೋ ಬಿದ್ದ ಹಾಗೆ, ಮುರಿದ ಹಾಗೆ ಆಯಿತು. ಆಮೇಲೆ ಏನೂ ಇಲ್ಲ. ಎದುರಿನ ಗೋಡೆಯ ಮೇಲೆ ಜವರಯ್ಯನವರ ಕ್ಯಾಲೆಂಡರು ಇತ್ತು, ಅದರ ಕೆಳಗೆ ಕೆಂಪು ಅಂಕಿ ಓಡುವ ಮೀಟರು, ಅಂಕಿ ನಿಂತುಹೋಗಿತ್ತು. ಅತ್ತೆ ರಿಸೀವರ್ ಬಿಡಲಿಲ್ಲ, ಜವರಯ್ಯನವರೇ ಬೆರಳು ಬಿಡಿಸಿ ತೆಗೆದುಕೊಂಡರು. ಮತ್ತೆ ಮತ್ತೆ ನಿಮ್ಮ ನಂಬರು ಒತ್ತಿದೆವು. ಪ್ರತಿ ಸಲವೂ ಒಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. "ಯಾವಳವ್ವಾ ಅವ್ಳು, ನನ್ ಮಗನ್ನ ಕೊಡು ಅನ್ನು ಅವಳ್ಗೆ" ಅಂತ ಅತ್ತೆ ನನ್ನ ಕೈ ಹಿಡಿದು ಬೇಡಿಕೊಂಡರು. ಅದು ಮಿಷನ್ನು ಅಂತ ನಾನು ಹೇಗೆ ಹೇಳಲಿ. ಒಂದೂಕಾಲು ಗಂಟೆ ನಾವು ಆ ಬೂತಿನಲ್ಲಿ ನಿಂತಿದ್ದೆವು. ಆ ಹೊತ್ತು ನನಗೆ ಹೇಗಿತ್ತು ಅಂತ ಬರೆಯುವುದಿಲ್ಲ. ನನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ ಅಂತ ಆಮೇಲೆ ಅಂಗೈ ನೋಡಿಕೊಂಡಾಗ ಗೊತ್ತಾಯಿತು.

ಐದೂವರೆಯ ಹೊತ್ತಿಗೆ ಬೂತಿನ ಫೋನ್ ಹೊಡೆದುಕೊಂಡಿತು. ನೀವು. "ಏನಿಲ್ಲ ಕಣವ್ವಾ, ಸಿಗ್ನಲ್ಲು ಒಂಟೋಯ್ತು. ಗೂಟ ಸಿಕ್ತಾ?" ಅಂತ ಕೇಳಿ ನಕ್ಕಿರಿ. ಅತ್ತೆ "ಸಿಕ್ತು ಮಗಾ" ಅಂದರು. ನಾವು ಇನ್ನೂ ಮನೆಗೇ ಹೋಗಿರಲಿಲ್ಲ. ನೀವು ಸುಳ್ಳು ಹೇಳಿದಿರಿ, ಅವರೂ ಸುಳ್ಳು ಹೇಳಿದರು, ನಡುವೆ ನಾನು ಸುಮ್ಮನೆ ನಿಂತಿದ್ದೆ. ಮನೆಗೆ ಬಂದು ಅಟ್ಟ ಹತ್ತಿದೆ. ಬೆಲ್ಲದ ಗುಡಾಣದ ಹಿಂದೆ, ಎರಡನೇ ತೊಲೆಯ ಸಂದಿಯಲ್ಲಿ, ಗೋಡೆಯ ಕಡೆಗೆ ಕೈ ಹಾಕಿದರೆ ಗೂಟ ಇತ್ತು. ನೀವು ಹೇಳಿದಲ್ಲೇ, ಒಂದು ಬೆರಳೂ ಆಚೀಚೆ ಇಲ್ಲ. ಕತ್ತಲೆಯ ಅಟ್ಟದಲ್ಲಿ ಅದನ್ನು ಹಿಡಿದುಕೊಂಡು ಕೂತು ನಾನು ಬೆರಗಾದೆ, ರೀ. ಬೆರಗಾದದ್ದು ಯಾಕೆ ಅಂತ ಮಾತ್ರ ಆವತ್ತು ಗೊತ್ತಾಗಲಿಲ್ಲ.

ಅದು ಗೊತ್ತಾದದ್ದು ಒಂದು ವಾರದ ಮೇಲೆ, ನಮ್ಮ ಅಂಗನವಾಡಿಯ ಸಹಾಯಕಿ ಚಿಕ್ಕಬೋರಮ್ಮನಿಂದ. ಮಕ್ಕಳನ್ನು ಮಲಗಿಸಿ, ಅಕ್ಕಿ ಆರಿಸುತ್ತಾ ಕೂತಿದ್ದವಳು, "ಟೀಚರಮ್ಮಾ, ಯೋಳ್ಬಾರ್ದು ಅಂದ್ಕಂಡಿದ್ದೆ, ಒಟ್ಟೇಲಿ ಇಟ್ಕಳಕ್ಕಾಗ್ತಿಲ್ಲ" ಅಂತ ಶುರು ಮಾಡಿದಳು. ಅವಳ ಅಣ್ಣ ಮಂಚಯ್ಯ ಕಬ್ಬಿನ ಗಾಡಿ ಹೊಡೆಯುತ್ತಾನೆ. ಎರಡನೇ ತಾರೀಖು ಸಂಜೆ ಕಿರಂಗೂರಿನ ಹತ್ತಿರ ಹೈವೇ ದಾಟುವಾಗ ಒಂದು ಬಿಳಿ ಸುಮೋ ಗುದ್ದಿ, ಎತ್ತು ಕಟ್ಟುವ ಮೂಕಿಮರ ಮುರಿಯಿತಂತೆ, ಗಾಡಿ ಮಗುಚಿತಂತೆ, ಮಂಚಯ್ಯನ ಹೆಗಲ ಮೂಳೆ ಮುರಿದಿದೆಯಂತೆ. ಡ್ರೈವರು ತಾನೇ ಎತ್ತಿಕೊಂಡು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಸೇರಿಸಿ, ಪಟ್ಟಿ ಕಟ್ಟಿಸಿ, ಮನೆಯವರು ಬರುವವರೆಗೂ ಅಲ್ಲೇ ಕೂತಿದ್ದನಂತೆ. ಆಸ್ಪತ್ರೆಯ ಪುಸ್ತಕದಲ್ಲಿ ನಿಮ್ಮ ಹೆಸರೇ, ರಂಗಸ್ವಾಮಿ, ಪಾಂಡವಪುರ ಅಂತ ಬರೆಸಿದನಂತೆ. ಅಲ್ಲಿಂದಲೇ ನೀವು ನಮಗೆ ಫೋನ್ ಮಾಡಿ ನಕ್ಕಿರಬೇಕು. ಯಾವ ಗಂಟಲಿನಿಂದ ನಕ್ಕಿರಿ?

ಅತ್ತೆಗೆ ಹೇಳುವುದು ಬೇಡ ಅಂದುಕೊಂಡೆ. ನನ್ನ ಮುಖ ನೋಡಿಯೇ, "ನನ್ ಕಿವಿ ಕೇಳೈತೆ ಕಣವ್ವಾ, ನೀನ್ಯಾಕೆ ಬಚ್ಚಿಡ್ತೀಯ? ಆ ಪುಣ್ಯಾತ್ಮ ಬದ್ಕವ್ನಾ ಇಲ್ವಾ, ಅಷ್ಟು ಯೋಳು" ಅಂದರು. ಶಿವರಾತ್ರಿಯ ಮಾರನೆಯ ದಿನ ರಜೆ ಹಾಕಿ, ಅತ್ತೆಯನ್ನು ಕರೆದುಕೊಂಡು, ಬಸ್ಸಿನಲ್ಲಿ ಕಿರಂಗೂರಿಗೆ ಹೋದೆ. ಅಲ್ಲಿಂದ ಎರಡು ಮೈಲಿ ನಡೆದರೆ ಮಂಚಯ್ಯನ ಮನೆ. ಹೈವೇಯ ಮೇಲೆ ನಿಮ್ಮ ಟೈರಿನ ಕರೀ ಗುರುತು ಇನ್ನೂ ಇತ್ತು. ಅದು ಎಲ್ಲಿ ಶುರುವಾಗಿದೆ ಅಂತ ನಾನು ನೋಡಿದೆ. ರಸ್ತೆ ಅಲ್ಲಿ ನೆಟ್ಟಗಿದೆ. ಮರವಿಲ್ಲ, ತಿರುವಿಲ್ಲ, ಎದುರು ಬಿಸಿಲೂ ಅಲ್ಲ. ನಮ್ಮ ರಮ್ಯನಿಗೂ ಮೂರು ಫರ್ಲಾಂಗ್ ದೂರದಿಂದಲೇ ಕಬ್ಬಿನ ಗಾಡಿ ಕಾಣುವಂಥ ಜಾಗ.

ಮಂಚಯ್ಯ ತೋಳನ್ನು ಕುತ್ತಿಗೆಗೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದರು. ಕೊಟ್ಟಿಗೆಯಲ್ಲಿ ಒಂದು ಎತ್ತು ಮುಂಗಾಲು ಊರದೆ ನಿಂತಿತ್ತು. ಬೈಸಿಕೊಳ್ಳಲು ನಾವು ತಯಾರಾಗಿಯೇ ಹೋಗಿದ್ದೆವು. ಅವರು ಬೈಯಲಿಲ್ಲ, ಮಜ್ಜಿಗೆ ಕೊಡಿಸಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಬರೆಯುತ್ತೇನೆ, ಯಾಕೆಂದರೆ ಅವತ್ತಿನಿಂದ ಅದು ನನ್ನ ಕಿವಿ ಬಿಟ್ಟು ಹೋಗಿಲ್ಲ. "ನಿಮ್ ಯಜಮಾನ್ರು ಬ್ಯಾರೆ ಕಡೆ ನೋಡ್ತಿದ್ರೆ ನಾನು ಎತ್ತು ತಡೀತಿದ್ದೆ ಕಣವ್ವಾ. ಅವರು ನನ್ನೇ ನೋಡ್ತಿದ್ರು. ಕಣ್ಣಿಗೆ ಕಣ್ಣು ಕೂಡ್ತು. ಸರಿ, ನೋಡುದ್ರು, ನಿಲ್ಲುಸ್ತಾರೆ ಅಂತ ಎತ್ತು ಒಡ್ದೆ. ನನ್ನೇ ನೋಡ್ಕಂಡು ಬಂದ್ರು. ನೋಡ್ತಾ ನೋಡ್ತಾನೇ ಬಂದ್ಬುಟ್ರು." ಕೊಟ್ಟಿಗೆಯ ಕಡೆ ನೋಡುತ್ತಾ ಅಂದರು: "ಆಮ್ಯಾಕೆ ಇಳ್ದು ಓಡ್ಬಂದು ನನ್ನ ತಬ್ಕಂಡು, 'ಯಜಮಾನಾ, ಎಲ್ಲಿದ್ದೆ ನೀನು? ಎಲ್ಲಿಂದ ಬಂದ್ಬುಟ್ಟೆ?' ಅಂತ ಕೇಳುದ್ರು. ಗಾಡಿ ತುಂಬ ಕಬ್ಬು ಯೇರ್ಕಂಡು ನಾನು ಎಲ್ಲಿಂದ ಬರಾನವ್ವಾ? ನಾನು ಅಲ್ಲೇ ಇದ್ದೆ."

ರೀ, ಅಟ್ಟದಲ್ಲಿ ನಾನು ಬೆರಗಾದದ್ದು ಯಾಕೆ ಅಂತ ಆಗ ಗೊತ್ತಾಯಿತು. ನೀವು ಕುಡಿದವರಲ್ಲ, ನಿದ್ದೆಗೆಟ್ಟವರಲ್ಲ, ಹದಿನಾರು ವರ್ಷದಿಂದ ಗಾಡಿ ಓಡಿಸಿ ಒಂದು ಕೋಳಿಯನ್ನೂ ತುಳಿಸದವರು. ಅಂಥ ನಿಮ್ಮ ಕಣ್ಣಿಗೆ, ಅಷ್ಟು ಮೈಲಿ ದೂರದ ನಮ್ಮ ಮನೆಯ ಅಟ್ಟದ ಮೇಲೆ, ಗುಡಾಣದ ಹಿಂದೆ, ಕತ್ತಲೆಯಲ್ಲಿ, ಎರಡನೇ ತೊಲೆಯ ಸಂದಿ ಕಂಡಿತು. ಎದುರಿಗೆ ಮನೆಯಷ್ಟು ಎತ್ತರದ ಕಬ್ಬಿನ ಗಾಡಿ ಕಾಣಲಿಲ್ಲ. ಆ ಗಳಿಗೆಯಲ್ಲಿ ಸ್ಟಿಯರಿಂಗಿನ ಮುಂದೆ ನೀವು ಇರಲೇ ಇಲ್ಲ. ನಮ್ಮ ಮನೆಯಲ್ಲಿದ್ದಿರಿ, ಅಟ್ಟ ಹತ್ತಿ ಕೈ ಚಾಚಿದ್ದಿರಿ. ಗಾಡಿ ಮಾತ್ರ ಏಳು ಜನರನ್ನು ಹೊತ್ತು ಕಿರಂಗೂರಿನಲ್ಲಿ ಓಡುತ್ತಿತ್ತು. ಒಂದು ಮಾತು ಒಬ್ಬ ಮನುಷ್ಯನನ್ನು ಇದ್ದಲ್ಲಿಂದ ಎತ್ತಿ ಹೀಗೆ ಬೇರೆ ಕಡೆ ಇಡಬಲ್ಲದು ಅಂತ ನನಗೆ ಇಷ್ಟು ವಯಸ್ಸಾದರೂ ತಿಳಿದಿರಲಿಲ್ಲ. ಫೋನಿನಲ್ಲಿ ದನಿ ಮಾತ್ರ ಹೋಗಿ ಬರುತ್ತದೆ ಅಂದುಕೊಂಡಿದ್ದೆ. ದನಿಯ ಹಿಂದೆ ಮನುಷ್ಯನೂ ಹೋಗುತ್ತಾನೆ.

ಗಾಡಿಯಲ್ಲಿ ಜನ ಮಾತಾಡುವುದಿಲ್ಲವೆ ಅಂತ ನೀವು ಕೇಳಬಹುದು. ನಾನೂ ಯೋಚನೆ ಮಾಡಿದೆ. ಪಕ್ಕದಲ್ಲಿ ಕೂತು ಮಾತಾಡುವವರಿಗೆ ರಸ್ತೆ ಕಾಣುತ್ತದೆ. ಎತ್ತಿನ ಗಾಡಿ ಅಡ್ಡ ಬಂದರೆ ಅವರ ಮಾತು ತಾನಾಗಿ ನಿಲ್ಲುತ್ತದೆ, ಅಯ್ಯೋ ಅನ್ನುತ್ತಾರೆ. ನಮಗೆ ಕಾಣುತ್ತಿದ್ದದ್ದು ಜವರಯ್ಯನವರ ಕ್ಯಾಲೆಂಡರು. ಎತ್ತುಗಳು ರಸ್ತೆಗೆ ಕಾಲಿಟ್ಟಾಗ ನಾವು ನಿಮ್ಮನ್ನು ಗೂಟ ಕೇಳುತ್ತಿದ್ದೆವು. ಇನ್ನೊಂದು ಮಾತು. ನನ್ನ ಅಂಗನವಾಡಿಯ ಮಕ್ಕಳು ಉಪ್ಪಿಟ್ಟಿನ ತಟ್ಟೆ ಹಿಡಿದು ನಡೆಯುವಾಗ, ನಿಮ್ಮನೆಯಲ್ಲಿ ಇವತ್ತು ಏನು ಸಾರು ಅಂತ ಕೇಳಿ ನೋಡಿ. ಮಗು ಮೊದಲು ನಿಲ್ಲುತ್ತದೆ. ಆಮೇಲೆ ಹೇಳುತ್ತದೆ. ಹೇಳಿ ಮುಗಿಸಿ ಮತ್ತೆ ನಡೆಯುತ್ತದೆ. ಎಂಟು ವರ್ಷದಿಂದ ದಿನಾ ನೋಡಿದ್ದೇನೆ, ನಿಲ್ಲದೆ ಹೇಳಿದ ಮಗು ಒಂದೂ ಇಲ್ಲ, ಹೇಳಿದ್ದರೆ ಉಪ್ಪಿಟ್ಟು ನೆಲದ ಮೇಲೆ. ನಾಲ್ಕು ವರ್ಷದವರಿಗೆ ಗೊತ್ತಿರುವುದನ್ನು ನಾವು ದೊಡ್ಡವರಾಗಿ ಮರೆತಿದ್ದೇವೆ.

ಮಂಚಯ್ಯನ ಮನೆಯಿಂದ ಹೊರಡುವಾಗ ಅತ್ತೆ ಅವರ ಎದುರು ಕೈ ಮುಗಿದು, "ಅವನ್ನ ಕರ್ದೋಳು ನಾನು ಕಣಪ್ಪಾ. ಮಗ ಮ್ಯಾಲಿಂದ ಕರೀತದೆ ಅಂದ. ಮ್ಯಾಲಿಂದಲ್ಲ, ಇಂದ್ಗಡೆಯಿಂದ್ಲೇ ಕರ್ದೆ. ಒಂಟೋನ್ನ ಇಂದ್ಗಡೆಯಿಂದ ಕರ್ದುಬುಟ್ಟೆ" ಅಂದರು. ಗೂಟ ಕೇಳಿದ ದಿನದಿಂದ ಅವರು ಬೂತಿನ ಕಡೆ ತಲೆ ಹಾಕಿಲ್ಲ. ಹಿಂದಿನಿಂದ ಕರೆದ ಮೇಲೆ ನೀವು ವಾಪಸು ಬಂದಿಲ್ಲ, ಕೂತಿಲ್ಲ, ನೀರು ಕುಡಿದಿಲ್ಲ. ಅತ್ತೆಯ ಲೆಕ್ಕದಲ್ಲಿ ನೀವು ಇನ್ನೂ ಅದೇ ಕೆಟ್ಟ ಹೊರಡುವಿಕೆಯಲ್ಲೇ ರಸ್ತೆಯ ಮೇಲಿದ್ದೀರಿ. ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಕೂರುತ್ತಾರೆ. ಅನ್ನ ಕಲಸಿ ಹಾಗೇ ಬಿಡುತ್ತಾರೆ. ಇದು ನಿಮ್ಮ ಅವ್ವನ ಆರೋಗ್ಯದ ವಿಷಯ, ಮೊದಲೇ ಬರೆಯಬೇಕಾಗಿತ್ತು, ಈಗ ಬರೆದೆ.

ನಾನು ಇದನ್ನು ಮೂಢನಂಬಿಕೆ ಅಂತ ನಗುತ್ತಿದ್ದವಳು. ಈಗ ಕೂತು ಯೋಚಿಸಿದರೆ ತಲೆದೂಗಬೇಕು ಅನ್ನಿಸುತ್ತದೆ. ಮೋಟಾರು, ತಂತಿ, ಫೋನು ಯಾವುದೂ ಇಲ್ಲದ ಕಾಲದಲ್ಲಿ ಯಾರೋ ಒಬ್ಬಳು ಅಜ್ಜಿ, ಹೆಜ್ಜೆ ಮುಂದೆ ಹೋಗುತ್ತಾ ಮನಸ್ಸು ಹಿಂದೆ ತಿರುಗಿದರೆ ಮನುಷ್ಯ ಎಡವುತ್ತಾನೆ ಅಂತ ಕಂಡುಕೊಂಡಿದ್ದಾಳೆ. ಕರೆಯಬೇಡಿ ಅಂದಳು. ಕರೆದರೆ ಏನು ಮಾಡಬೇಕು ಅಂತಲೂ ಹೇಳಿಟ್ಟಳು: ನಿಲ್ಲು, ಕೂರು, ನೀರು ಕುಡಿ, ಆಮೇಲೆ ಹೋಗು. ನಿಮ್ಮ ಓನರಿಗೆ ಫೋನು ಕೊಟ್ಟ ಕಂಪನಿಯವರು ಒಂದು ದಪ್ಪ ಪುಸ್ತಕವನ್ನೂ ಕೊಟ್ಟಿದ್ದಾರಲ್ಲ, ಅದರಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇದ್ದರೆ ನನಗೆ ತೋರಿಸಿ.

ಅದಕ್ಕೇ ಹೇಳುತ್ತೇನೆ, ಇನ್ನು ಮೇಲೆ ಫೋನು ಹೊಡೆದುಕೊಂಡರೆ, ಅದು ಅವ್ವನದಾಗಲಿ, ಓನರದಾಗಲಿ, ಸಾಕ್ಷಾತ್ ಮುಖ್ಯಮಂತ್ರಿಯದೇ ಆಗಲಿ, ಹೊಡೆದುಕೊಳ್ಳಲು ಬಿಡಿ. ಜಾಗ ನೋಡಿ ಗಾಡಿ ಪಕ್ಕಕ್ಕೆ ಹಾಕಿ, ಇಳಿದು, ಎರಡು ಗುಟುಕು ನೀರು ಕುಡಿದು, ಆಮೇಲೆ ನೀವೇ ಅವರನ್ನು ಕರೆಯಿರಿ. ಮೂರನೇ ಸಲ ಹೊಡೆದುಕೊಳ್ಳುವ ಮೊದಲು ಎತ್ತಬೇಕು ಅಂತ ನಾಗರಾಜು ಕಟ್ಟಳೆ ಹಾಕಿದ್ದಾರೆ ಅಂದಿದ್ದಿರಿ. ಅವರ ಮುಂದೆ ನಿಂತು ಆಗುವುದಿಲ್ಲ ಅನ್ನಿ. ಕೆಲಸ ಹೋದರೆ ಹೋಗಲಿ. ಇದನ್ನು ನಾನು ಸುಮ್ಮನೆ ಬಾಯಿಮಾತಿಗೆ ಬರೆಯುತ್ತಿಲ್ಲ, ಮೂರು ರಾತ್ರಿ ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಗೌರವಧನ ಇದೆ, ಎಮ್ಮೆ ಇದೆ, ನಿಮ್ಮ ಕೈಯಲ್ಲಿ ಲೈಸೆನ್ಸ್ ಇದೆ. ಪಾಂಡವಪುರ-ನಾಗಮಂಗಲ ಬಸ್ಸಿಗೆ ಡ್ರೈವರ್ ಬೇಕು ಅಂತ ಕೇಳುತ್ತಲೇ ಇದ್ದಾರೆ. ಆ ದಾರಿಯಲ್ಲಿ ಸಿಗ್ನಲ್ಲೂ ಸಿಗುವುದಿಲ್ಲ, ಪುಣ್ಯ.

ಯುಗಾದಿಯವರೆಗೆ ಕಾಯಬೇಡಿ. ಈ ಕಾಗದ ತಲುಪಿದ ಮೊದಲ ಬಿಡುವಿನ ದಿನ ಬಸ್ಸು ಹತ್ತಿ ಬನ್ನಿ. ಬಂದು ಜಗಲಿಯ ಮೇಲೆ ಕೂತು ಅವ್ವನ ಕೈಯಿಂದ ನೀರು ಕುಡಿಯಿರಿ, ಅವರು ಆಮೇಲೆ ಊಟ ಮಾಡುತ್ತಾರೆ. ಅಲ್ಲಿಂದ ಇಬ್ಬರೂ ಮಂಚಯ್ಯನ ಮನೆಗೆ ಹೋಗೋಣ. ಅವರಿಗೆ ತೋಳು ಎತ್ತಲು ಇನ್ನೂ ತಿಂಗಳು ಬೇಕಂತೆ, ಗದ್ದೆಯಲ್ಲಿ ಕಬ್ಬು ನಿಂತಿದೆ. ನೀವು ಎರಡು ದಿನ ಅವರ ಕೈಯಾಗಿ ನಿಂತರೆ ಅದು ಕ್ಷಮೆ ಕೇಳುವುದಕ್ಕಿಂತ ದೊಡ್ಡದು. ನಮಗೆ ಸುಳ್ಳು ಹೇಳಿದ್ದಕ್ಕೆ ನಾನು ಜಗಳ ಮಾಡುವುದಿಲ್ಲ. ನಾವು ಹೆದರುತ್ತೇವೆ ಅಂತ ಹೇಳಿದಿರಿ. ಆದರೆ ಇನ್ನೊಂದು ಸಲ ಹೇಳಬೇಡಿ. ನಿಮ್ಮ ನಗು ನನಗೆ ಚೆನ್ನಾಗಿ ಗೊತ್ತು, ಅವತ್ತಿನದು ಅದಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಹಣೆಗೆ ಹಚ್ಚಿಕೊಳ್ಳಿ ಅಂತ ವಿಭೂತಿ ಪೊಟ್ಟಣ ಇಟ್ಟಿದ್ದಾರೆ, ಕಾಗದ ಬಿಡಿಸುವಾಗ ಚೆಲ್ಲೀತು. ರಮ್ಯ ಅಪ್ಪನಿಗೆ ಮುತ್ತು ಅಂತ ಬರೆಯಲು ಹೇಳಿ, ನಾಚಿಕೊಂಡು, ಅದನ್ನು ಹೊಡೆದುಹಾಕು ಅಂದಳು. ಹೊಡೆದುಹಾಕಿಲ್ಲ. ಮೈ ಕಡೆ ನಿಗಾ ಇರಲಿ.

ಇಂತಿ ನಿಮ್ಮ
ಯಶೋಧರಾ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಮೇಲೆ ಒಂದು ಕಡೆ 'ಫೋನ್ ಮಾಡಿ ಕೇಳೋಣ ಎಂದಾಯಿತು' ಅಂತ ಬರೆದಿದ್ದೇನೆ. ಅದು ತಾನಾಗಿ ಆಗಲಿಲ್ಲ. ಅತ್ತೆ, "ಗಾಡೀಲಿರ್ತಾನೆ ಬುಡವ್ವಾ, ಎದುರ್ಮನೆ ಕಲ್ಲಲ್ಲಿ ಬೀಸ್ಕತೀನಿ" ಅಂದಿದ್ದರು. ಹೋಗೋಣ ಹೋಗೋಣ ಅಂತ ಅವರನ್ನು ಎಬ್ಬಿಸಿಕೊಂಡು ಹೋದವಳು ನಾನು. ಮಂಚಯ್ಯನ ಮುಂದೆ ಅವರು 'ಕರ್ದೋಳು ನಾನು' ಅಂದಾಗ ನಿಜ ಹೇಳಲು ಬಾಯಿ ತೆರೆದೆ, ಅತ್ತೆ ಸೆರಗಿನ ಮರೆಯಲ್ಲಿ ನನ್ನ ಕೈ ಹಿಂಡಿ ಸುಮ್ಮನಿರಿಸಿದರು. ಇವತ್ತಿಗೂ ಆ ಮಾತು ಎತ್ತಿಲ್ಲ. ಅಂಥ ಹೆಂಗಸು ಅವರು. ಕರೆದವಳು ನಾನು, ರೀ. ಗೂಟ ನೆಪ. ಸಂಕ್ರಾಂತಿಯಾದ ಮೇಲೆ ನೀವು ಮಾತಾಡಿದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ, ಅವತ್ತು ಕೇಳಬೇಕು ಅನ್ನಿಸಿತು.